ಅಕ್ಕನ ಆರೈಕೆಯೂ ಲೆಕ್ಕಾಚಾರವೇ?

ಪ್ರಿಯ ಓದುಗರೇ,

ನೀತಿಯ ಹುಟ್ಟಿನ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ನೀವು ಬರೆದ ಕಾಗದ ತಲುಪಿತು. ಒಡಹುಟ್ಟಿದವರಿಗೆ ನೆರವಾಗುವ ಗುಣದ ಹಿಂದೆ ಜೀನ್‌ಗಳ, ಅಂದರೆ ವಂಶವಾಹಿಗಳ, ಲಾಭ ನಷ್ಟದ ಲೆಕ್ಕವಿದೆ ಎಂದು ಆ ಲೇಖನ ಹೇಳಿತ್ತು. "ಹಾಸಿಗೆ ಹಿಡಿದಿದ್ದ ಅಕ್ಕನನ್ನು ಮೂರು ವರ್ಷ ನೋಡಿಕೊಂಡೆ. ಅದೂ ಜೀನ್‌ಗಳ ಲೆಕ್ಕವಾದರೆ ಒಳ್ಳೆಯತನ ಅನ್ನೋದೇ ಸುಳ್ಳು ಅಲ್ವಾ?" ಎಂದು ಕೇಳಿದ್ದೀರಿ. ಓದಿ ಮನಸ್ಸಿಗೆ ನೋವಾಯಿತು. ನಮ್ಮ ಲೇಖನ ಒಂದು ಮುಖ್ಯ ಮಾತನ್ನು ಹೇಳದೇ ಬಿಟ್ಟಿತ್ತು. ಅದನ್ನು ಇಲ್ಲಿ ಹೇಳುತ್ತೇನೆ.

ಲೆಕ್ಕ ಇರುವುದು ನಿಜ. ಒಡಹುಟ್ಟಿದವರಲ್ಲಿ ಸರಾಸರಿ ಅರ್ಧದಷ್ಟು ಜೀನ್‌ಗಳು ಒಂದೇ ಮೂಲದಿಂದ ಬಂದಿರುತ್ತವೆ. ಹಾಗಾಗಿ ತನಗೆ ನಷ್ಟವಾದರೂ ಅವರಿಗೆ ನೆರವಾಗುವ ಗುಣ ಪೀಳಿಗೆಯಿಂದ ಪೀಳಿಗೆಗೆ ಹಬ್ಬಬಲ್ಲದು. ಅವರಿಗಾಗುವ ಲಾಭ ಆ ನಷ್ಟದ ಎರಡರಷ್ಟನ್ನು ಮೀರಿದರೆ ಸಾಕು. ಬ್ರಿಟಿಷ್ ಜೀವವಿಜ್ಞಾನಿ ಡಬ್ಲ್ಯೂ. ಡಿ. ಹ್ಯಾಮಿಲ್ಟನ್ 1964ರಲ್ಲಿ ಇದನ್ನು ಗಣಿತದಲ್ಲಿ ತೋರಿಸಿದರು.

ಆದರೆ ಈ ಲೆಕ್ಕ ಹಾಕಿದ್ದು ಯಾರು? ನೀವು ಹಾಕಲಿಲ್ಲ. ಜೀನ್‌ಗಳಿಗೆ ಮನಸ್ಸೇ ಇಲ್ಲ, ಅವು ಹಾಕುವುದೆಲ್ಲಿ ಬಂತು? ಲಕ್ಷಾಂತರ ವರ್ಷಗಳಲ್ಲಿ ಯಾವ ಗುಣ ಉಳಿಯಿತು, ಯಾವುದು ಅಳಿಯಿತು ಅನ್ನೋದನ್ನು ವಿಜ್ಞಾನಿಗಳು ಆಮೇಲೆ ಕೂತು ಅಂಕಿಗಳಲ್ಲಿ ಬರೆದರು. ಹಾಗೆ ಉಳಿದು ನಿಮ್ಮವರೆಗೂ ಬಂದಿರುವುದು ಮರುಕ. ನಡುರಾತ್ರಿ ಅಕ್ಕ ನರಳಿದಾಗ ನಿಮ್ಮನ್ನು ಎಬ್ಬಿಸಿದ್ದು ಅದೇ. ಮಗು ಅತ್ತರೆ ಬಾಣಂತಿಯ ಎದೆಯಲ್ಲಿ ಹಾಲು ಜಿನುಗುತ್ತದೆ. ಅದಕ್ಕೆ ವಿಕಾಸದ ಕಾರಣ ಕೊಡಬಹುದು. ಆದರೆ ತಾಯಿ ಮಗುವನ್ನು ಎತ್ತಿಕೊಳ್ಳುವುದು ಅದು ಅಳುತ್ತಿದೆ ಅಂತ. ದತ್ತು ಮಗುವಿಗೆ ಜ್ವರ ಬಂದಾಗಲೂ ಅಪ್ಪ ಅಮ್ಮ ನಿದ್ದೆಗೆಡುತ್ತಾರೆ. ಮರುಕ ರಕ್ತಸಂಬಂಧ ವಿಚಾರಿಸಿಕೊಂಡು ಹುಟ್ಟುವುದಿಲ್ಲ.

ಅದು ನಮಗಷ್ಟೇ ಸೇರಿದ್ದೂ ಅಲ್ಲ. 1964ರಲ್ಲೇ ರೀಸಸ್ ಕೋತಿಗಳ ಮೇಲೆ ನಡೆದ ಒಂದು ಪ್ರಯೋಗದ ವರದಿ ಬಂತು. ಸರಪಳಿ ಎಳೆದರೆ ಆಹಾರ ಸಿಗುತ್ತಿತ್ತು, ಜೊತೆಗೆ ಎದುರಿನ ಕೋತಿಗೆ ಕರೆಂಟ್ ಹೊಡೆಯುತ್ತಿತ್ತು. ಅದನ್ನು ಕಂಡ ಮೇಲೆ ಒಂದು ಕೋತಿ 5 ದಿನ, ಇನ್ನೊಂದು 12 ದಿನ ಸರಪಳಿ ಮುಟ್ಟದೆ ಉಪವಾಸವಿದ್ದವು. ಇಂಥ ಪ್ರಯೋಗವನ್ನು ಇನ್ನು ಯಾರೂ ಮಾಡಬಾರದು ಅಂತ ನನಗನ್ನಿಸುತ್ತದೆ. ಆದರೂ ಆ ಎರಡು ಕೋತಿಗಳನ್ನು ಮರೆಯಲು ಆಗಿಲ್ಲ.

ಒಂದು ತಿದ್ದುಪಡಿಯೂ ಇದೆ. ಹಾಲುಗಲ್ಲದ ಮಕ್ಕಳು ಕೂಡ ಅಡ್ಡಿ ಮಾಡುವ ಗೊಂಬೆಗಿಂತ ಸಹಾಯ ಮಾಡುವ ಗೊಂಬೆಯನ್ನೇ ಆರಿಸುತ್ತವೆ ಎಂಬ 2007ರ ಅಧ್ಯಯನವನ್ನು ನಮ್ಮ ಲೇಖನ ಖಚಿತ ಸಂಗತಿ ಎಂಬಂತೆ ಹೇಳಿತ್ತು. ಈಚೆಗೆ ಹಲವು ಪ್ರಯೋಗಾಲಯಗಳು ಸೇರಿ, ಜಾಸ್ತಿ ಮಕ್ಕಳೊಂದಿಗೆ ಅದನ್ನೇ ಮತ್ತೆ ಮಾಡಿದಾಗ ಆ ಒಲವು ಕಾಣಲಿಲ್ಲ.

ಹಾಗಂತ ವಿಕಾಸದಿಂದ ಬಂದದ್ದೆಲ್ಲ ಒಳ್ಳೆಯದು ಅಂತಲೂ ಅಲ್ಲ. ಮುಸುವಗಳ ಗುಂಪಿಗೆ ಹೊಸ ಗಂಡು ಯಜಮಾನನಾಗಿ ಬಂದಾಗ ಹಾಲು ಕುಡಿಯುವ ಮರಿಗಳನ್ನು ಕೊಲ್ಲುವುದುಂಟು. 1970ರ ದಶಕದಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಸಾರಾ ಹರ್ಡಿ ರಾಜಸ್ಥಾನದ ಮೌಂಟ್ ಅಬುವಿನಲ್ಲಿ ಇದನ್ನು ಅಧ್ಯಯನ ಮಾಡಿದರು. ನಮ್ಮವರು, ಪರರು ಎಂದು ಬೇರೆ ಮಾಡುವ ನಮ್ಮ ಬುದ್ಧಿಯೂ ಹಳೆಯದೇ. ಅದಕ್ಕೇ 1871ರಲ್ಲಿ ಡಾರ್ವಿನ್ ಹೇಳಿದ ಮಾತು ನನಗೆ ಮುಖ್ಯ. ಗುಂಪಿನಲ್ಲಿ ಬಾಳುವ ಪ್ರಾಣಿಯ ಸಹಜ ಅಕ್ಕರೆಗೆ ಮನುಷ್ಯನಂಥ ಬುದ್ಧಿ ಕೂಡಿದರೆ ನೀತಿಪ್ರಜ್ಞೆ ಹುಟ್ಟುತ್ತದೆ ಎಂದರು ಅವರು. ಸಹಜ ಅಕ್ಕರೆ ಹತ್ತಿರದವರಲ್ಲೇ ನಿಂತುಬಿಡಬಹುದು. ಮಾಡಿದ್ದನ್ನು ನೆನೆದು, "ಸರಿಯಾಯಿತಾ?" ಎಂದು ತನ್ನನ್ನೇ ಕೇಳಿಕೊಳ್ಳುವವನು ಅಲ್ಲಿಂದ ಮುಂದೆ ಹೋಗಬಲ್ಲ. ನೀವು ಈ ಕಾಗದ ಬರೆದದ್ದೂ ಹಾಗೆ ಕೇಳಿಕೊಂಡೇ.

1957ರಲ್ಲಿ ಇರಾಕಿನ ಶಾನಿದಾರ್ ಗುಹೆಯಲ್ಲಿ ಒಬ್ಬ ನಿಯಾಂಡರ್ತಾಲ್ (ಈಗ ಅಳಿದುಹೋಗಿರುವ, ನಮಗೆ ಹತ್ತಿರದ ಆದಿಮಾನವ) ಗಂಡಸಿನ ಮೂಳೆಗಳು ಸಿಕ್ಕವು. ಬಲಗೈಯ ಕೆಳಭಾಗ ಇಲ್ಲ. ಮುಖಕ್ಕೆ ಬಿದ್ದ ಪೆಟ್ಟಿಗೆ ಒಂದು ಕಣ್ಣು ಬಹುಶಃ ಹೋಗಿತ್ತು. ಆದರೂ ಗಾಯಗಳು ಮಾಗಿ ಆತ ಎಷ್ಟೋ ವರ್ಷ ಬದುಕಿದ್ದ. ಯಾರೋ ಅವನಿಗೆ ಆಸರೆಯಾಗಿ ನಿಂತಿರಬೇಕು ಅಂತ ಹಲವು ತಜ್ಞರು ಹೇಳುತ್ತಾರೆ. ನಿಮ್ಮ ಕಾಗದ ಓದುವಾಗ ಹಾಗೆ ಆಸರೆಯಾಗಿ ನಿಂತವರು ನೆನಪಾದರು.

ವಿಶ್ವಾಸದಿಂದ,
ಸಂಪಾದಕ