ಹೆಣ ಹೇಳುವುದು, ಕಡತ ಹೇಳುವುದು: ಓದುಗರ ಪ್ರಶ್ನೆಗಳಿಗೆ ಉತ್ತರ

ಸಣ್ಣ ಊರು, ಅನುಮಾನದ ಸಾವು, ಅದರ ಹಿಂದೆ ಸಾರ್ವಜನಿಕ ಹಣದ ಲೂಟಿ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದನ್ನೇ ಕುರಿತವು. ಕೆಲವರು ಪತ್ತೇದಾರಿ ಕಥೆ ಬರೆಯುತ್ತಿದ್ದಾರೆ, ಕೆಲವರಿಗೆ ಸುದ್ದಿ ಓದಿ ಹುಟ್ಟಿದ ಪ್ರಶ್ನೆ. ಒಂದೇ ತೆರನ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಕಥೆಯಲ್ಲಿ ಪುರಸಭೆಯ ಲೆಕ್ಕಿಗನ ಹೆಣ ಕೆರೆಯಲ್ಲಿ ತೇಲುತ್ತದೆ. ಕಾಲು ಜಾರಿ ಬಿದ್ದ ಎನ್ನುತ್ತಾರೆ ಎಲ್ಲರೂ. ಕೊಂದು ಎಸೆದದ್ದೆಂದು ವೈದ್ಯರಿಗೆ ಹೇಗೆ ಗೊತ್ತಾಗುತ್ತದೆ?

ಒಂದೇ ಗುರುತಿನಿಂದ ಗೊತ್ತಾಗುವುದಿಲ್ಲ. ಅಂಗೈ ಅಂಗಾಲಿನ ಚರ್ಮ ಬೆಳ್ಳಗೆ ಸುಕ್ಕುಗಟ್ಟಿತ್ತು, ಆದ್ದರಿಂದ ಮುಳುಗಿ ಸತ್ತ ಎಂದು ಬರೆಯುವವರಿದ್ದಾರೆ. ಸತ್ತ ಮೇಲೆ ನೀರಿಗೆ ಹಾಕಿದರೂ ಚರ್ಮ ಹಾಗೆಯೇ ಆಗುತ್ತದೆ. ಉಸಿರಾಡುತ್ತ ಮುಳುಗಿದವನ ಮೂಗು ಬಾಯಲ್ಲಿ ಸಣ್ಣ ಗುಳ್ಳೆಯ ಬಿಳಿ ನೊರೆ ಬರುತ್ತದೆ, ಒರೆಸಿದರೂ ಮತ್ತೆ ಬರುತ್ತದೆ. ಶ್ವಾಸಕೋಶ ಉಬ್ಬಿ ಭಾರವಾಗಿರುತ್ತದೆ. ಮುಷ್ಟಿಯಲ್ಲಿ ಜೊಂಡು, ಕೆಸರು ಬಿಗಿಯಾಗಿ ಸಿಕ್ಕಿಕೊಂಡಿದ್ದರೆ ಬೀಳುವಾಗ ಜೀವವಿತ್ತು ಎನ್ನಲು ಒಳ್ಳೆಯ ಆಧಾರ.

ಇನ್ನೊಂದು ದಾರಿ ಡಯಾಟಮ್. ಇವು ನೀರಿನಲ್ಲಿರುವ, ಸಿಲಿಕಾ ಚಿಪ್ಪಿನ ಸೂಕ್ಷ್ಮ ಪಾಚಿಗಳು. ಎದೆ ಬಡಿಯುತ್ತಿರುವಾಗ ನೀರು ಒಳಹೋದರೆ ರಕ್ತದ ಜೊತೆ ತೊಡೆಮೂಳೆಯ ಮಜ್ಜೆಯವರೆಗೂ ಹೋಗುತ್ತವೆ. ಸತ್ತವನ ಶ್ವಾಸಕೋಶಕ್ಕೆ ನೀರು ತಾನಾಗಿ ಇಳಿಯಬಹುದು, ಆದರೆ ಮಜ್ಜೆಗೆ ಒಯ್ಯಲು ರಕ್ತದ ಓಟವೇ ಇಲ್ಲ. ಸಿಕ್ಕ ಜಾತಿಗಳು ಆ ಕೆರೆಯವೇ ಎಂದು ಹೋಲಿಸಲು ಅದೇ ಜಾಗದ ನೀರಿನ ಮಾದರಿ ಬೇಕು. ಅನೇಕ ಕಡೆ ಕೆಲಸ ಕೆಡುವುದೇ ಇಲ್ಲಿ: ಹೆಣ ಎತ್ತುವ ದಿನ ನೀರು ತುಂಬಿಟ್ಟುಕೊಳ್ಳುವುದಿಲ್ಲ, ತಿಂಗಳ ಮೇಲೆ ತಂದ ನೀರಿನಲ್ಲಿ ಜಾತಿಗಳೇ ಬದಲಾಗಿರುತ್ತವೆ. ಉಪಕರಣ ತೊಳೆದ ನಲ್ಲಿ ನೀರಿನಿಂದಲೂ ಡಯಾಟಮ್ ಸೇರಬಹುದು. ಹಾಗಾಗಿ ತಜ್ಞರು ಇದನ್ನು ಪೂರಕ ಸಾಕ್ಷ್ಯವಾಗಿ ಮಾತ್ರ ಎಣಿಸುತ್ತಾರೆ.

ಪ್ರಶ್ನೆ: ನೇಣು ಹಾಕಿಕೊಂಡದ್ದಕ್ಕೂ ಕತ್ತು ಬಿಗಿದು ಕೊಂದು ತೂಗುಹಾಕಿದ್ದಕ್ಕೂ ವ್ಯತ್ಯಾಸ?

ನೇಣಿನ ಗುರುತು ಸಾಮಾನ್ಯವಾಗಿ ಕತ್ತಿನ ಮೇಲ್ಭಾಗದಲ್ಲಿ, ಗಂಟಿನ ಕಡೆಗೆ ಓರೆಯಾಗಿ ಏರುತ್ತ ಹೋಗಿ, ಗಂಟಿನ ಹತ್ತಿರ ಕಡಿದುಹೋಗಿರುತ್ತದೆ. ಹಗ್ಗದಿಂದ ಬಿಗಿದು ಕೊಂದಾಗ ಗುರುತು ಕೆಳಗೆ, ಅಡ್ಡಲಾಗಿ, ಕತ್ತಿನ ಸುತ್ತ ಪೂರ್ತಿ ಬರುತ್ತದೆ. ಮುಖ ಕಪ್ಪೇರಿ, ರೆಪ್ಪೆಯ ಒಳಗೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು ಹೆಚ್ಚಾಗಿ ಕಾಣುತ್ತವೆ. ಗಂಟಿನ ಎದುರು ಬದಿಯ ತುಟಿಯಂಚಿನಿಂದ ಜೊಲ್ಲು ಇಳಿದ ಗೆರೆ ಇದ್ದರೆ ತೂಗುವಾಗ ಜೀವವಿತ್ತು ಎನ್ನಬಹುದು. ಕತ್ತಿನ ಹಯಾಯ್ಡ್ ಮೂಳೆ ಮುರಿದಿಲ್ಲ ಎಂದ ಮಾತ್ರಕ್ಕೆ ಕೊಲೆಯಲ್ಲ ಎನ್ನುವಂತಿಲ್ಲ. ಹರೆಯದವರಲ್ಲಿ ಅದು ಮೆತ್ತಗಿದ್ದು ಬಾಗುತ್ತದೆ, ವಯಸ್ಸಾದಂತೆ ಮುರಿಯುವುದು ಹೆಚ್ಚು.

ಹೆಣ ಇಳಿಸುವವರು ಗಾಬರಿಯಲ್ಲಿ ಗಂಟು ಬಿಚ್ಚುತ್ತಾರೆ. ಗಂಟೇ ಸಾಕ್ಷ್ಯ. ಹಗ್ಗವನ್ನು ಗಂಟಿನಿಂದ ದೂರದಲ್ಲಿ ಕತ್ತರಿಸಿ, ಕತ್ತರಿಸಿದ ಎರಡೂ ತುದಿಗೆ ಚೀಟಿ ಕಟ್ಟಬೇಕು.

ಪ್ರಶ್ನೆ: ಸಾವಿನ ಹೊತ್ತನ್ನು ವೈದ್ಯರು ಗಂಟೆ ನಿಮಿಷದ ಸಮೇತ ಹೇಳಬಲ್ಲರೇ?

ಇಲ್ಲ. ಹಾಗೆ ಹೇಳುವ ವೈದ್ಯನನ್ನು ನಿಮ್ಮ ಕಥೆಯ ಪತ್ತೇದಾರ ಅನುಮಾನಿಸಬೇಕು. ಸತ್ತ ಮೇಲೆ ಸ್ನಾಯು ಬಿಗಿಯುವ ಸೆಟೆತ ಎರಡರಿಂದ ನಾಲ್ಕು ಗಂಟೆಯಲ್ಲಿ ರೆಪ್ಪೆ, ದವಡೆಯಲ್ಲಿ ಶುರುವಾಗಿ ಸುಮಾರು 12 ಗಂಟೆಗೆ ಮೈಯೆಲ್ಲ ಆವರಿಸುತ್ತದೆ, ಆಮೇಲೆ ನಿಧಾನ ಸಡಿಲುತ್ತದೆ. ಬಿಸಿ ಹವೆಯಲ್ಲಿ ಇದೆಲ್ಲ ಬೇಗ, ಚಳಿಯಲ್ಲಿ ತಡ. ಮೈ ತಣಿಯುವುದು ತಂಪು ಕೋಣೆಯಲ್ಲಿ ಗಂಟೆಗೆ ಹತ್ತಿರ ಹತ್ತಿರ 1 ಡಿಗ್ರಿ ಸೆಲ್ಸಿಯಸ್. ಕೋಣೆಯೇ 37 ಡಿಗ್ರಿ ಇದ್ದರೆ ತಣಿಯುವ ಮಾತೇ ಇಲ್ಲ, ಲೆಕ್ಕ ಹಾಕುವುದೂ ಇಲ್ಲ. ಸ್ಥಳದ ಉಷ್ಣಾಂಶವನ್ನು ಅಲ್ಲೇ ಬರೆದಿಡದಿದ್ದರೆ ಆ ದಾರಿ ಮುಚ್ಚಿತು.

ಕಥೆಗೆ ಹೆಚ್ಚು ಉಪಯೋಗದ್ದು ರಕ್ತ ಕೆಳಗಿಳಿದು ಮೂಡುವ ನೀಲಿಗೆಂಪು ಕಲೆ. ಅದು 8ರಿಂದ 12 ಗಂಟೆಯಲ್ಲಿ ನೆಲೆಯಾಗುತ್ತದೆ. ನೇತಾಡುವ ಹೆಣದಲ್ಲಿ ಅದು ಕಾಲು, ಮುಂಗೈಗಳಲ್ಲಿರಬೇಕು. ಬೆನ್ನಿನಲ್ಲಿ ನೆಲೆಯಾಗಿದ್ದರೆ ಗಂಟೆಗಟ್ಟಲೆ ಅಂಗಾತ ಮಲಗಿದ್ದ ಹೆಣವನ್ನು ಯಾರೋ ಆಮೇಲೆ ತೂಗುಹಾಕಿದ್ದಾರೆ.

ಪ್ರಶ್ನೆ: ಊರಿನ ವೈದ್ಯನೇ ಸುಳ್ಳು ಕಾರಣ ಬರೆದರೆ?

ಇಂಗ್ಲೆಂಡಿನ ಹೈಡ್ ಎಂಬ ಪಟ್ಟಣದಲ್ಲಿ ಅದೇ ಆಯಿತು. ಅಲ್ಲಿನ ಹೆರಾಲ್ಡ್ ಶಿಪ್‌ಮನ್ ಎಂಬ ವೈದ್ಯ ತನ್ನ ರೋಗಿಗಳಿಗೆ ಡಯಾಮಾರ್ಫಿನ್ ಎಂಬ ಬಲವಾದ ನೋವುನಿವಾರಕ ಚುಚ್ಚಿ ಕೊಂದು, ಮರಣ ಪ್ರಮಾಣಪತ್ರವನ್ನು ತಾನೇ ಬರೆಯುತ್ತಿದ್ದ. 2000ದ ಜನವರಿಯಲ್ಲಿ 15 ಕೊಲೆಗಳಿಗೆ ಶಿಕ್ಷೆಯಾಯಿತು. ನಂತರದ ಅಧಿಕೃತ ವಿಚಾರಣೆ 215 ಬಲಿಗಳನ್ನು ಗುರುತಿಸಿತು. ಸಿಕ್ಕಿಬಿದ್ದದ್ದು 1998ರಲ್ಲಿ, ಒಬ್ಬ ವೃದ್ಧೆಯ ಆಸ್ತಿಯನ್ನೆಲ್ಲ ತನಗೆ ಬರೆಸಿಕೊಂಡಂತೆ ಟೈಪ್ ಮಾಡಿದ ನಕಲಿ ಉಯಿಲಿನಿಂದ. ಆಕೆಯ ಮಗಳು ವಕೀಲೆ, ತಾಯಿಯ ಕಾಗದಪತ್ರ ನೋಡುತ್ತಿದ್ದವಳು ಅವಳೇ.

ನಮಗೆ ಇಲ್ಲಿ ಮುಖ್ಯವಾದದ್ದು ಕಂಪ್ಯೂಟರ್. ಸಾವಿಗೆ ಕಾರಣ ಕಾಣಲೆಂದು ಆತ ರೋಗಿಗಳ ದಾಖಲೆಯಲ್ಲಿ ಹಳೆಯ ತಾರೀಕು ಹಾಕಿ ಇಲ್ಲದ ಕಾಯಿಲೆ ಸೇರಿಸಿದ. ಯಾವ ನಮೂದನ್ನು ನಿಜವಾಗಿ ಯಾವಾಗ ಒತ್ತಿದ್ದೆಂದು ಯಂತ್ರ ಬೇರೆಯಾಗಿ ಬರೆದಿಟ್ಟಿತ್ತು. ತಿಂಗಳುಗಳ ಹಿಂದಿನ ಎದೆನೋವು ದಾಖಲಾದದ್ದು ರೋಗಿ ಸತ್ತ ದಿನ! ಚಿಕಿತ್ಸೆ ಕೊಟ್ಟವನೇ ಸಾವಿನ ಕಾರಣಕ್ಕೂ ಕೊನೆಯ ರುಜು ಹಾಕುವ ಪದ್ಧತಿಗೆ ಬೀಗ ಬೀಳಲು ಅಲ್ಲಿ ಬಹಳ ಕಾಲ ಹಿಡಿಯಿತು. ಅನುಮಾನದ ಸಾವುಗಳನ್ನು ವಿಚಾರಿಸುವ ಅಧಿಕಾರಿಗೆ (ಕೊರೋನರ್) ಹೋಗದ ಪ್ರತಿ ಸಾವಿನ ಕಾರಣವನ್ನೂ ಸ್ವತಂತ್ರ ವೈದ್ಯರೊಬ್ಬರು ಪರಿಶೀಲಿಸಬೇಕೆಂಬ ನಿಯಮ ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಕಡ್ಡಾಯವಾದದ್ದು 2024ರ ಸೆಪ್ಟೆಂಬರ್ 9ರಿಂದ.

ಪ್ರಶ್ನೆ: ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲ ಗೊತ್ತಿರುತ್ತದೆ. ಹಾಗಿರುವಾಗ ವರ್ಷಗಟ್ಟಲೆ ದುಡ್ಡು ಹೊಡೆಯಲು ಹೇಗೆ ಸಾಧ್ಯ?

ಎಲ್ಲರಿಗೂ ಗೊತ್ತಿರುವವನ ಮೇಲೆ ಕಣ್ಣಿಡಲು ಯಾರಿಗೂ ಮನಸ್ಸಾಗುವುದಿಲ್ಲ, ಅದಕ್ಕೇ ಸಾಧ್ಯ. ಅಮೆರಿಕದ ಇಲಿನಾಯ್ ರಾಜ್ಯದ ಡಿಕ್ಸನ್ ಪಟ್ಟಣವನ್ನು ನೋಡಿ. ಜನಸಂಖ್ಯೆ 16,000ದ ಆಸುಪಾಸು. ಲೆಕ್ಕಾಧಿಕಾರಿ ರೀಟಾ ಕ್ರಂಡ್‌ವೆಲ್ 1990ರ ಡಿಸೆಂಬರ್‌ನಲ್ಲಿ ಊರಿನ ಹೆಸರು ಸೇರಿಸಿ ಒಂದು ಗುಪ್ತ ಬ್ಯಾಂಕ್ ಖಾತೆ ತೆರೆದಳು. ಊರಿನ ಬೇರೆ ಬೇರೆ ನಿಧಿಗಳ ಹಣವನ್ನು ಒಂದು ಬಂಡವಾಳ ನಿಧಿಗೆ ತರುವುದು, ಅಲ್ಲಿಂದ ‘ಖಜಾಂಚಿ’ ಹೆಸರಿಗೆ ಚೆಕ್ ಬರೆದು ತನ್ನ ಖಾತೆಗೆ ಹಾಕುವುದು, ಲೆಕ್ಕ ತಪಾಸಣೆಗೆ ತೋರಿಸಲು ರಾಜ್ಯ ಸರ್ಕಾರದ ಹೆಸರಿನ ಸುಳ್ಳು ಬಿಲ್ ಮಾಡುವುದು. 2012ರ ಏಪ್ರಿಲ್‌ನಲ್ಲಿ ಬಂಧನವಾಗುವ ಹೊತ್ತಿಗೆ ಹೋದದ್ದು 5.37 ಕೋಟಿ ಡಾಲರ್. ಬಹುಪಾಲು ಅವಳ ಕುದುರೆ ಸಾಕಣೆಗೆ ಹೋಯಿತು. ಊರಿನಲ್ಲಿ ರಸ್ತೆ ರಿಪೇರಿಗೆ ಹಣವಿಲ್ಲ, ರಾಜ್ಯದಿಂದ ಪಾಲು ಬರುವುದು ತಡ ಎಂದು ಸಭೆಯಲ್ಲಿ ವಿವರಿಸುತ್ತಿದ್ದವಳೂ ಅವಳೇ.

ಹಣ ಪಡೆಯುವುದು, ಚೆಕ್ ಬರೆಯುವುದು, ಲೆಕ್ಕ ಬರೆಯುವುದು, ಬ್ಯಾಂಕಿನ ವಿವರಪಟ್ಟಿ ತಾಳೆ ನೋಡುವುದು, ಈ ನಾಲ್ಕೂ ಒಂದೇ ಕೈಯಲ್ಲಿದ್ದವು. ಅಂಚೆ ಕೂಡ ಅವಳ ಕೈಗೇ ಬರುತ್ತಿತ್ತು. 2011ರಲ್ಲಿ ಅವಳು ಉದ್ದದ ರಜೆಯಲ್ಲಿದ್ದಾಗ ಬದಲಿಗೆ ಕೂತ ಗುಮಾಸ್ತೆ ಊರಿನ ಎಲ್ಲ ಖಾತೆಗಳ ವಿವರಪಟ್ಟಿ ಕಳಿಸಿ ಎಂದು ಬ್ಯಾಂಕಿಗೆ ಕೇಳಿದಳು. ಯಾರೂ ಕಂಡಿರದ ಖಾತೆಯೂ ಜೊತೆಗೆ ಬಂತು. ಮೇಯರ್ ಅದನ್ನು ಎಫ್‌ಬಿಐಗೆ ಒಪ್ಪಿಸಿ ಬಂಧನದವರೆಗೂ ತಿಂಗಳುಗಟ್ಟಲೆ ಬಾಯಿ ಬಿಡಲಿಲ್ಲ. ಅವಳಿಗೆ 19 ವರ್ಷ 7 ತಿಂಗಳ ಶಿಕ್ಷೆಯಾಯಿತು. ಲೆಕ್ಕ ಪರಿಶೋಧಕರು ಮತ್ತು ಬ್ಯಾಂಕು ಸೇರಿ ಊರಿಗೆ 4 ಕೋಟಿ ಡಾಲರ್ ಕಟ್ಟಿಕೊಟ್ಟರು.

ಲೆಕ್ಕ ನೋಡುವವರಿಗೆ ವರ್ಷಕ್ಕೆ ಎರಡು ವಾರ ಕಡ್ಡಾಯ ರಜೆ ಕೊಟ್ಟು, ಆಗ ಬೇರೆಯವರಿಂದ ಕೆಲಸ ಮಾಡಿಸುವುದು ಎಲ್ಲಕ್ಕಿಂತ ಅಗ್ಗದ ತಪಾಸಣೆ. ರಜೆಯೇ ಬೇಡವೆನ್ನುವ ಪ್ರಾಮಾಣಿಕರೂ ಇರುತ್ತಾರೆ, ಅವರಿಗೂ ಕೊಡಿ.

ಪ್ರಶ್ನೆ: ಗುತ್ತಿಗೆಯಲ್ಲಿ ಮೋಸವಾಗಿದೆ ಎಂದು ಹೊರಗಿನವರು ಹೇಗೆ ಪತ್ತೆ ಮಾಡಬಹುದು?

ಅಳತೆಯಿಂದ ಶುರುಮಾಡಿ. 1 ಕಿಲೋಮೀಟರ್ ಉದ್ದ, 5.5 ಮೀಟರ್ ಅಗಲ, 50 ಮಿಲಿಮೀಟರ್ ದಪ್ಪದ ಡಾಂಬರು ಪದರ ಎಂದರೆ 275 ಘನಮೀಟರ್. ಘನಮೀಟರಿಗೆ 2.4 ಟನ್ ಹಿಡಿದರೆ 660 ಟನ್, 15 ಟನ್ನಿನ ಲಾರಿಯಲ್ಲಿ 44 ಲೋಡು. ದಪ್ಪವನ್ನು 40 ಮಿಲಿಮೀಟರಿಗೆ ಇಳಿಸಿದರೆ ಕಣ್ಣಿಗೆ ಏನೂ ಕಾಣದು, ಆದರೆ ಸುಮಾರು 9 ಲೋಡು ಮಾಯ. ರಸ್ತೆಯಲ್ಲಿ ಕೊರೆದು ತೆಗೆದ ತುಂಡಿನ ದಪ್ಪ ಮತ್ತು ಲೋಡುಗಳ ತೂಕದ ಚೀಟಿ, ಇವೆರಡನ್ನೂ ಬಿಲ್ಲಿನ ಪಕ್ಕ ಇಟ್ಟರೆ ವಾದಕ್ಕೆ ಜಾಗವಿರುವುದಿಲ್ಲ. ತುಂಡುಗಳನ್ನು ಎಲ್ಲಿ ಕೊರೆಯಬೇಕೆಂದು ಗುತ್ತಿಗೆದಾರ ತೋರಿಸಬಾರದು.

ಆಮೇಲೆ ಕಾಗದ. ಟೆಂಡರ್ ಕರೆಯಬೇಕಾದ ಮಿತಿಗಿಂತ ಸ್ವಲ್ಪವೇ ಕಡಿಮೆ ಮೊತ್ತದ ತುಂಡು ಕೆಲಸಗಳು, ಒಂದೇ ವಾರದಲ್ಲಿ. ಆರು ತಿಂಗಳಲ್ಲಿ ಒಬ್ಬ ವ್ಯಾಪಾರಿ ಕೊಟ್ಟ ಬಿಲ್ಲುಗಳ ಸಂಖ್ಯೆ 101, 102, 103 ಎಂದು ಸಾಲಾಗಿದ್ದರೆ ಅವನಿಗೆ ಬೇರೆ ಗಿರಾಕಿಯೇ ಇಲ್ಲ ಎಂದಾಯಿತು. ಸೋತ ಟೆಂಡರುಗಳಲ್ಲೂ ಗೆದ್ದದ್ದರಲ್ಲೂ ಅದೇ ಕಾಗುಣಿತದ ತಪ್ಪು, ಸೋತವನೇ ಮುಂದೆ ಒಳಗುತ್ತಿಗೆದಾರ. ಹಾಜರಿ ಪಟ್ಟಿಯಲ್ಲಿ ಬೇರೆ ಬೇರೆ ಹೆಸರು, ಸಂಬಳ ಮಾತ್ರ ಒಂದೇ ಖಾತೆಗೆ.

ಬೆನ್‌ಫರ್ಡ್ ನಿಯಮವನ್ನು ಒಬ್ಬರು ಕೇಳಿದ್ದಾರೆ. ಸಹಜ ಲೆಕ್ಕಗಳಲ್ಲಿ ಮೊದಲ ಅಂಕಿ 1 ಆಗಿರುವುದು ಸುಮಾರು 30.1 ಶೇಕಡಾ, 9 ಆಗಿರುವುದು 4.6 ಶೇಕಡಾ. ಕಟ್ಟಿ ಬರೆದ ಸುಳ್ಳು ಲೆಕ್ಕದಲ್ಲಿ ಈ ಪ್ರಮಾಣ ತಪ್ಪಬಹುದು. ನೂರಾರು ನಮೂದಿಲ್ಲದೆ ಇದು ನಿಲ್ಲದು. ಎಲ್ಲಿ ಹುಡುಕಬೇಕೆಂದು ತೋರಿಸೀತು, ಕಳ್ಳನನ್ನು ತೋರಿಸದು.

ಪ್ರಶ್ನೆ: ಸಾವಿಗೂ ಹಣಕ್ಕೂ ನಂಟನ್ನು ಕಟ್ಟುವುದು ಹೇಗೆ?

ಒಂದು ಹಾಳೆಯಲ್ಲಿ ಮೂರು ಸಾಲು ಎಳೆಯಿರಿ: ಘಟನೆ ನಡೆದ ದಿನ, ಕಾಗದದಲ್ಲಿ ಬರೆದ ದಿನ, ಕಂಪ್ಯೂಟರಿನಲ್ಲಿ ಅಥವಾ ಬ್ಯಾಂಕಿನಲ್ಲಿ ದಾಖಲಾದ ದಿನ. ಸಾವಿನ ಹಿಂದು ಮುಂದಿನ ಎಲ್ಲವೂ ಅದರಲ್ಲಿ ಬರಲಿ: ಯಾವ ಕಡತ ಹೊರಗೆ ಹೋಯಿತು, ಯಾವ ತಡೆಹಿಡಿದ ಬಿಲ್ಲು ಪಾಸಾಯಿತು, ಸತ್ತವನ ಬೀಗದ ಕೈ ಯಾರ ಬಳಿ ಹೋಯಿತು. ಮೂರು ಸಾಲು ಕೂಡದ ಕಡೆ ಪ್ರಶ್ನೆ ಕೇಳಿ. ಆದರೂ ಮೋಸ ಮಾಡಿದವನೇ ಕೊಲೆಗಾರ ಎಂದು ಹಾರಬೇಡಿ. ಲಾಭ ಪಡೆದವನು ಬೇರೆ, ಹೇಳಿಸಿದವನು ಬೇರೆ, ಮಾಡಿದವನು ಬೇರೆ ಇರಬಹುದು, ಪ್ರತಿಯೊಂದಕ್ಕೂ ಬೇರೆ ಸಾಕ್ಷ್ಯ ಬೇಕು.

ಸ್ಲೊವಾಕಿಯಾದ ಪತ್ರಕರ್ತ ಯಾನ್ ಕುಚಿಯಾಕ್ ತೆರೆದ ದಾಖಲೆಗಳನ್ನೇ ಜೋಡಿಸಿ ಬರೆಯುತ್ತಿದ್ದವರು. 2018ರ ಫೆಬ್ರವರಿ 21ರಂದು ವೆಲ್ಕಾ ಮಾಚಾ ಎಂಬ ಹಳ್ಳಿಯ ಮನೆಯಲ್ಲಿ ಅವರನ್ನೂ ಮದುವೆಯಾಗಬೇಕಿದ್ದ ಮಾರ್ಟಿನಾ ಕುಶ್ನಿರೋವಾ ಅವರನ್ನೂ ಗುಂಡಿಟ್ಟು ಕೊಂದರು. ಅವರ ಅಪೂರ್ಣ ವರದಿಯನ್ನು ಸಹೋದ್ಯೋಗಿಗಳು ಪ್ರಕಟಿಸಿದರು, ಮಾರ್ಚ್‌ನಲ್ಲಿ ಪ್ರಧಾನಿ ರಾಜೀನಾಮೆ ಕೊಟ್ಟರು. ಇಂಥ ಕೆಲಸದಲ್ಲಿರುವವರು ಪ್ರತಿಗಳನ್ನು ಊರ ಹೊರಗಿನ ಇಬ್ಬರ ಬಳಿಯಾದರೂ ಇಡಬೇಕು, ಹಾಗೆ ಇಟ್ಟದ್ದು ಎದುರಾಳಿಗೂ ಗೊತ್ತಿರಬೇಕು.

ಪ್ರಶ್ನೆ: ದಾಖಲೆ ಕೋಣೆಗೆ ಬೆಂಕಿ, ಒಳಗೆ ಕಾವಲುಗಾರನ ಹೆಣ. ಕಥೆ ಇಲ್ಲಿಗೆ ಮುಗಿಯಿತಲ್ಲವೇ?

ಮುಗಿಯುವುದಿಲ್ಲ. ಬೆಂಕಿಯಲ್ಲಿ ಉಸಿರಾಡಿದ್ದರೆ ಗಂಟಲಿನ ಕೆಳಗೆ ಶ್ವಾಸನಾಳದಲ್ಲಿ ಮಸಿ ಇರುತ್ತದೆ, ರಕ್ತದಲ್ಲಿ ಕಾರ್ಬನ್ ಮಾನಾಕ್ಸೈಡ್ ಸೇರಿರುತ್ತದೆ. ಎರಡೂ ಇಲ್ಲದಿದ್ದರೆ ಮೊದಲೇ ಸತ್ತಿದ್ದನೆಂಬ ಅನುಮಾನ ಬಲವಾಗುತ್ತದೆ. ಕೈ ಮಡಚಿ ಗುದ್ದಾಟಕ್ಕೆ ನಿಂತಂತೆ ಕಾಣುವುದು ಶಾಖಕ್ಕೆ ಸ್ನಾಯು ಕುಗ್ಗುವುದರಿಂದ, ಹೊಡೆದಾಟದಿಂದಲ್ಲ. ತಲೆಬುರುಡೆಯೊಳಗೆ ಶಾಖದಿಂದಲೇ ರಕ್ತ ಹೆಪ್ಪುಗಟ್ಟಿ ಪೆಟ್ಟಿನಂತೆ ಕಾಣಬಹುದು, ಅನುಭವವಿಲ್ಲದವರು ಅಲ್ಲಿ ಎಡವುತ್ತಾರೆ.

ಕಡತಗಳ ವಿಷಯ: ಬಿಗಿಯಾಗಿ ಕಟ್ಟಿದ ಕಟ್ಟುಗಳ ನಡುವೆ ಗಾಳಿಯಿಲ್ಲ, ಆದ್ದರಿಂದ ಅಂಚು ಕರಕಲಾದರೂ ಮಧ್ಯದ ಹಾಳೆ ಎಷ್ಟೋ ಸಲ ಓದಲು ಸಿಗುತ್ತದೆ. ಒಂದೇ ವರ್ಷದ ಕಟ್ಟುಗಳನ್ನು ಮಾತ್ರ ಬಿಚ್ಚಿ ಹರಡಿ ಸುಟ್ಟಂತಿದ್ದರೆ ಆ ವರ್ಷದ ಲೆಕ್ಕವನ್ನೇ ಮೊದಲು ನೋಡಿ. ಸುಟ್ಟ ಹಾಳೆಯನ್ನು ಕೈಯಿಂದ ಎತ್ತಬೇಡಿ, ಕೆಳಗೆ ರಟ್ಟು ತೂರಿಸಿ ಇದ್ದಂತೆಯೇ ಪ್ರಯೋಗಾಲಯಕ್ಕೆ ಒಯ್ಯಿರಿ. ಅದೇ ದಿನ ಬ್ಯಾಂಕಿಗೆ, ತೆರಿಗೆ ಕಚೇರಿಗೆ, ಹಣ ಬಿಡುಗಡೆ ಮಾಡಿದ ಮೇಲಿನ ಇಲಾಖೆಗೆ ಪ್ರತಿಗಳನ್ನು ಕಾದಿಡುವಂತೆ ಬರಹದಲ್ಲಿ ಕೇಳಿ. ಗುತ್ತಿಗೆದಾರನ ಪುಸ್ತಕವನ್ನು ಕೊನೆಗೆ ಕೇಳಿ. ಮೊದಲೇ ಕೇಳಿದರೆ ಆತ ಉಳಿದವರ ಪ್ರತಿಗೆ ಹೊಂದುವಂತೆ ಹೊಸ ಪುಸ್ತಕ ಬರೆದುಕೊಂಡಾನು.