ಮಸಲ್ ಒಳಗೊಂದು ಇಲಿ

'ಸ್ನಾಯುವಿಗೆ ಇಂಗ್ಲಿಷಿನಲ್ಲಿ ಹೇಳುವ ಮಸಲ್ ಪದ ಇಲಿಯಿಂದ ಬಂತು ಅನ್ನೋದು ಸುಮ್ನೆ ಕಟ್ಟಿದ ಕಥೆಯಾ?' ಎಂದು ಕೇಳಿದ್ದೀರಿ. ಕಥೆಯಲ್ಲ, ನಿಜವೇ. ಲ್ಯಾಟಿನ್‌ನಲ್ಲಿ 'ಮುಸ್' ಎಂದರೆ ಇಲಿ, 'ಮುಸ್ಕುಲುಸ್' ಎಂದರೆ ಪುಟ್ಟ ಇಲಿ. ಒಮ್ಮೆ ತೋಳು ಮಡಚಿ ಬಿಗಿಹಿಡಿದು ನೋಡಿ. ಚರ್ಮದಡಿ ಏನೋ ಸರಕ್ಕನೆ ಓಡಿ ಗುಬ್ಬಚ್ಚಿ ಗಾತ್ರಕ್ಕೆ ಮುದುರಿ ಕೂತ ಹಾಗಿಲ್ವಾ? ಗ್ರೀಕರಿಗೂ ಹಾಗೇ ಕಂಡಿರಬೇಕು. ಅವರ 'ಮೂಸ್' ಪದಕ್ಕೂ ಇಲಿ, ಸ್ನಾಯು ಎರಡೂ ಅರ್ಥ ಇದ್ದವು. ಸಮುದ್ರದ ಚಿಪ್ಪುಜೀವಿ ಮಸೆಲ್‌ನ ಹೆಸರೂ ಮುಸ್ಕುಲುಸ್‌ನಿಂದಲೇ ಬಂದದ್ದು.

ಇಂಗ್ಲಿಷಿನ ಮೌಸ್, ಸಂಸ್ಕೃತದ ಮೂಷ, ಮೂಷಿಕ ಇದೇ ಬಳಗದವು. ಅಂದರೆ ಜಿಮ್ಮಿನಲ್ಲಿ ಬೆಳೆಸುವುದು ಗಣಪನ ವಾಹನದ ನೆಂಟನನ್ನೇ! ನಮ್ಮ 'ಇಲಿ' ಮಾತ್ರ ಬೇರೆ ಮನೆಯದು, ದ್ರಾವಿಡ ಪದ, ತಮಿಳಿನಲ್ಲಿ 'ಎಲಿ'. ಇನ್ನೊಂದು ಮಜಾ: 1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಮನೆಯ ಚಿಟ್ಟಿಲಿಗೆ ಇಟ್ಟ ವೈಜ್ಞಾನಿಕ ಹೆಸರು 'ಮುಸ್ ಮುಸ್ಕುಲುಸ್'.