ಐದಡಿ ಮೂರಿಂಚಿನ ಹುಡುಗ ಬಾಸ್ಕೆಟ್‌ಬಾಲ್ ಆಡಬಹುದಾ?

ಮಗನಿಗೆ ಹದಿನಾರು, ಎತ್ತರ ಐದಡಿ ಮೂರಿಂಚು, ಕೋಚ್ ‘ಬೇರೆ ಆಟ ನೋಡ್ಕೋ’ ಅಂದಿದ್ದಾರೆ, ಬಿಡಿಸಲಾ ಎಂದು ಕೇಳಿದ್ದೀರಿ. ಈಗಲೇ ಬಿಡಿಸಬೇಡಿ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಗ್ಸಿ ಬೋಗ್ಸ್ ಆಡಿದ ಹಳೇ ಪಂದ್ಯಗಳನ್ನು ನೋಡಿ.

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಇಲ್ಲಿಯವರೆಗೆ ಆಡಿದವರಲ್ಲೇ ಕುಳ್ಳ ಈತ. ಎತ್ತರ ನಿಮ್ಮ ಮಗನಷ್ಟೇ. ಹುಟ್ಟಿದ್ದು 1965ರಲ್ಲಿ, ಬಾಲ್ಟಿಮೋರಿನಲ್ಲಿ. ಬೆಳೆದದ್ದು ಬಡವರಿಗೆಂದು ಸರ್ಕಾರ ಕಟ್ಟಿಸಿದ ವಠಾರದಲ್ಲಿ. ಐದನೇ ವಯಸ್ಸಿಗೇ ಬಂದೂಕಿನ ಚರೆ ತಗುಲಿ ಬದುಕಿಕೊಂಡ. ಹನ್ನೆರಡು ತುಂಬಿದಾಗ ಅಪ್ಪ ಜೈಲು ಸೇರಿದ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 1987ರ ಡ್ರಾಫ್ಟ್‌ನಲ್ಲಿ ಹನ್ನೆರಡನೆಯವನಾಗಿ ವಾಷಿಂಗ್ಟನ್ ತಂಡಕ್ಕೆ ಆಯ್ಕೆಯಾದ. ಅಲ್ಲಿ ಜೊತೆಗಾರ ಮನೂಟ್ ಬೋಲ್, ಏಳಡಿ ಏಳಿಂಚು! ಮರುವರ್ಷ ಹೊಸದಾಗಿ ಶುರುವಾದ ಷಾರ್ಲಟ್ ಹಾರ್ನೆಟ್ಸ್ ಸೇರಿ, ಆ ಊರಿಗೆ ಮನೆಮಗನಂತಾದ. ಒಟ್ಟು 14 ಸೀಸನ್, 889 ಪಂದ್ಯ, 6,726 ಅಸಿಸ್ಟ್ (ಜೊತೆಗಾರ ಬುಟ್ಟಿಗೆ ಹಾಕುವಂತೆ ಕೊಟ್ಟ ಪಾಸ್). ಆಮೇಲೆ ಕೆಲಕಾಲ ಷಾರ್ಲಟ್‌ನ ಮಹಿಳಾ ತಂಡಕ್ಕೆ ಕೋಚ್ ಕೂಡ ಆಗಿದ್ದ.

ಛಲ ಇದ್ದರೆ ಏನು ಬೇಕಾದರೂ ಆಗುತ್ತೆ ಅನ್ನೋದಕ್ಕೆ ಈತನನ್ನು ಉದಾಹರಣೆ ಕೊಡುವವರು ಜಾಸ್ತಿ. ನಾನೂ ಕಾಲೇಜ್ ಟೀಮಿನಲ್ಲಿ ಪಾಯಿಂಟ್ ಗಾರ್ಡ್, ಅಂದ್ರೆ ಚೆಂಡು ಒಯ್ದು ಆಟ ನಡೆಸುವವನಾಗಿ, ಆಡಿದ ಕುಳ್ಳ. ನನ್ನ ಕಣ್ಣು ಹೋಗುತ್ತಿದ್ದುದು ಆತನ ಚೆಂಡಿನ ಮೇಲೆ. ಡ್ರಿಬಲ್ ಮಾಡುವಾಗ, ಅಂದ್ರೆ ಚೆಂಡು ಪುಟಿಸುತ್ತಾ ಸಾಗುವಾಗ, ಅದು ಮೊಣಕಾಲಿನ ಹತ್ತಿರವೇ ಪುಟಿಯುತ್ತಿತ್ತು. ಆರೂವರೆ ಅಡಿಯವನು ಅದನ್ನು ಕಸಿಯಲು ಬಗ್ಗಬೇಕು. ಬಗ್ಗುವಷ್ಟರಲ್ಲಿ ಈತ ದಾಟಿಹೋಗಿರುತ್ತಿದ್ದ. ಎದುರಾಳಿ ಕೈಯಲ್ಲಿ ಚೆಂಡಿದ್ದಾಗಲೂ ಅದೇ ಲೆಕ್ಕ. ಎತ್ತರದವನು ಮೇಲೆ ಹಾರಿ ರಿಬೌಂಡ್ (ಬುಟ್ಟಿಗೆ ಬೀಳದೆ ಪುಟಿದ ಚೆಂಡು) ಹಿಡಿಯಲಿ ಬಿಡಿ, ಒಮ್ಮೆಯಾದರೂ ಚೆಂಡನ್ನು ಸೊಂಟದ ಮಟ್ಟಕ್ಕೆ ಇಳಿಸಲೇಬೇಕಲ್ವಾ? ಅಲ್ಲಿ ಮಗ್ಸಿಯ ಕೈ ಕಾಯುತ್ತಿರುತ್ತಿತ್ತು. 1993ರಲ್ಲಿ ಏಳಡಿಯ ಪ್ಯಾಟ್ರಿಕ್ ಯೂಯಿಂಗ್ ಶಾಟ್‌ಗೆಂದು ಚೆಂಡು ಎತ್ತುತ್ತಿದ್ದ ಹಾಗೆಯೇ ತಟ್ಟಿಬಿಟ್ಟ. ದಾಖಲೆ ಪುಸ್ತಕದಲ್ಲಿ ಅದು ಬ್ಲಾಕ್, ಅಂದ್ರೆ ಶಾಟ್ ತಡೆದದ್ದು!

ಹಾಗಂತ ಸುಮ್ನೆ ಆಸೆ ಹುಟ್ಟಿಸಲಾರೆ. ಎನ್‌ಬಿಎ ಇತಿಹಾಸದಲ್ಲಿ ಆತನನ್ನು ಬಿಟ್ಟರೆ ಅತಿ ಕುಳ್ಳ ಅರ್ಲ್ ಬಾಯ್ಕಿನ್ಸ್, ಐದಡಿ ಐದಿಂಚು. ಅಂಥವರು ಬೆರಳೆಣಿಕೆಯಷ್ಟು. ಕುಳ್ಳನ ತಲೆ ಮೇಲಿಂದಲೇ ಶಾಟ್ ಹೊಡೆಯುತ್ತಾರೆ, ಅದಕ್ಕೆ ಮದ್ದಿಲ್ಲ. ಆದರೆ ಕಾಲೇಜು, ಜಿಲ್ಲಾ ತಂಡದ ಮಾತೇ ಬೇರೆ.

ಕೋಚ್ ಅವನನ್ನು ಯಾವ ಜಾಗದಲ್ಲಿ ಆಡಿಸಿದರು ಎಂದು ಮೊದಲು ವಿಚಾರಿಸಿ. ಬುಟ್ಟಿಯ ಕೆಳಗೆ ನಿಲ್ಲಿಸಿ ‘ಆಗಲ್ಲ’ ಅಂದಿದ್ದರೆ ಅದು ಪರೀಕ್ಷೆಯೇ ಅಲ್ಲ. ಒಂದಷ್ಟು ತಿಂಗಳು ಎಡಗೈ ಡ್ರಿಬ್ಲಿಂಗ್ ಪಳಗಿಸಲಿ, ಚೆಂಡು ನೋಡದೆ ತಲೆ ಎತ್ತಿ ಓಡುವುದನ್ನು ಕಲಿಯಲಿ. ಆಮೇಲೆ ಪಾಯಿಂಟ್ ಗಾರ್ಡ್ ಜಾಗದಲ್ಲಿ ಒಂದು ಪೂರ್ತಿ ಪಂದ್ಯ ಆಡಿಸಿ ಎಂದು ಕೇಳಿ.